ನೆರಳಿನ ಹದ್ದುಬಸ್ತು

ಸರ್ವೇ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಹುಡುಕಿಕೊಂಡು ಬಂದು ಕೇಳುವುದು ಎರಡೇ ಪ್ರಶ್ನೆ. ಯಾವ ಮಷೀನು ಒಳ್ಳೆಯದು, ಯಾವ ತಾಲೂಕಿನಲ್ಲಿ ನೆಮ್ಮದಿ ಇದೆ. ಮೊದಲನೆಯದು ನನಗೆ ಗೊತ್ತಿಲ್ಲ. ಎರಡನೆಯದು ಎಲ್ಲೂ ಇಲ್ಲ. ನಾನು ಕೊಡಬಲ್ಲ ಸಲಹೆ ಒಂದೇ: ತಲೆಗೆ ಟವೆಲ್ ಮರೆಯಬೇಡಿ. ಅದನ್ನು ಹೇಳಿದರೆ ಅವರು ನಗುತ್ತಾರೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯೋಣ ಎಂದು ಕೂತಿದ್ದೇನೆ.

ನಾನು ವಯಸ್ಸಾಗಿ ನಿವೃತ್ತನಾದವನಲ್ಲ; ನಡುವಯಸ್ಸಿನಲ್ಲೇ ಸ್ವಯಂ ನಿವೃತ್ತಿ ತೆಗೆದುಕೊಂಡವನು. ಚಿಂತೆ ಕಡಿಮೆ ಮಾಡಿಕೊಳ್ಳಿ, ಇಲ್ಲವಾದರೆ ಬಿ.ಪಿ. ಗುಳಿಗೆ ಹೆಚ್ಚು ಮಾಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು. ನಿವೃತ್ತಿ ತೆಗೆದುಕೊಳ್ಳುವ ಮುಂಚೆ ತೆಗೆದುಕೊಳ್ಳಲೋ ಬೇಡವೋ ಎಂದು ಚಿಂತಿಸಿದೆ. ಈಗ ತೆಗೆದುಕೊಂಡದ್ದು ಸರಿಯೋ ತಪ್ಪೋ ಎಂದು ಚಿಂತಿಸುತ್ತೇನೆ. "ಚಿಂತಿ ಮಾಡ್ಲಿಕ್ಕಿ ಏನೂ ಉಳೀಲಿಲ್ಲಲಾ ಅಂತ ಚಿಂತಿ ಮಾಡಾವ್ರು ನೀವೊಬ್ರೇ ನೋಡ್ರಿ" ಎನ್ನುತ್ತಾಳೆ ನನ್ನ ಹೆಂಡತಿ.

ಈ ಗುಣ ನನಗೆ ಮೊದಲಿನಿಂದಲೂ ಇತ್ತು. ನಾನು ಸೇರಿದಾಗ ಇನ್ನೂ ಕಬ್ಬಿಣದ ಸರಪಳಿಯಿಂದ ಅಳೆಯುತ್ತಿದ್ದೆವು. ಕಬ್ಬಿಣ ಕಾದರೆ ಹಿಗ್ಗುತ್ತದೆ ಎಂದು ಶಾಲೆಯಲ್ಲಿ ಓದಿದ್ದು ನನ್ನ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತ್ತು. ಸರಪಳಿ ಹಿಗ್ಗಿದರೆ ಅಳತೆ ಕಡಿಮೆ ಬರುತ್ತದೆ. ಅಂದರೆ ಚಳಿಗಾಲದಲ್ಲಿ ಹೊಲ ಅಳೆಸಿಕೊಂಡವನಿಗೆ ಲಾಭ, ಬೇಸಿಗೆಯಲ್ಲಿ ಅಳೆಸಿಕೊಂಡವನಿಗೆ ಲುಕ್ಸಾನು. ಇದು ಯಾವ ನ್ಯಾಯ? ಇದಕ್ಕೆ ಪರಿಹಾರವಾಗಿ ಸರಪಳಿಯನ್ನು ಹಸಿ ಗೋಣಿಚೀಲದಲ್ಲಿ ಸುತ್ತಿಸಿಕೊಂಡು ಹೊಲಕ್ಕೆ ಹೋಗತೊಡಗಿದೆ. ಸರಪಳಿ ಹಿಡಿಯುತ್ತಿದ್ದ ಶರಣಪ್ಪ ಎರಡು ದಿನ ಸುಮ್ಮನಿದ್ದ. ಮೂರನೆಯ ದಿನ ಗೋಣಿಚೀಲ ಹಿಂಡುತ್ತ, "ಸಾಹೇಬ್ರ, ಸರಪಳಿಗಿ ಜ್ವರ ಬಂದದೇನ್ರೀ?" ಎಂದ. ಅದಾದ ಮೇಲೆ ಇಡೀ ಹೋಬಳಿಯಲ್ಲಿ ನನ್ನ ಹೆಸರು ಜ್ವರದ ಸರ್ವೇ ಸಾಹೇಬರು ಎಂದಾಯಿತು.

ಆ ಹೋಬಳಿ ಕಲಬುರಗಿ ಬಳಿಯ ಕಮಲಾಪುರ. ನಾನು ನೆಲದ ಬಗ್ಗೆ ಕಲಿತ ಮೊದಲ ಪಾಠವೂ ಅಲ್ಲಿಯದೇ. ಅಲ್ಲಿಯ ವಾರದ ಸಂತೆಯಲ್ಲಿ ಜೋರಿದ್ದವರು ಜಾಗ ಹಿಡಿಯುತ್ತಾರೆ, ಬಡವರು ಮೂಲೆಗೆ ಬೀಳುತ್ತಾರೆ ಎಂದು ಯಾರೋ ಅರ್ಜಿ ಕೊಟ್ಟಿದ್ದರು. ಎಲ್ಲರಿಗೂ ಸಮನಾಗಿ ಜಾಗ ಗುರುತು ಮಾಡಿಕೊಡುವಂತೆ ನನಗೆ ಆದೇಶ ಬಂತು. ನಾನು ಸಂತೆಯ ಹಿಂದಿನ ದಿನವೇ ಹೋಗಿ, ಸುಣ್ಣದ ಪುಡಿಯಿಂದ ಮೈದಾನದ ತುಂಬ ಚೌಕಗಳನ್ನು ಎಳೆದೆ. ಒಂದು ಚೌಕ ಇನ್ನೊಂದಕ್ಕಿಂತ ಬೆರಳಷ್ಟೂ ಹೆಚ್ಚು ಕಡಿಮೆ ಇರಲಿಲ್ಲ. ಶರಣಪ್ಪನಿಗೆ ಸುಣ್ಣದ ಕೆಮ್ಮು ಹತ್ತಿತು, ನನಗೆ ಹೆಮ್ಮೆ ಹತ್ತಿತು.

ಮರುದಿನ ಬಿಸಿಲೇರುವ ಹೊತ್ತಿಗೆ ಹೋಗಿ ನೋಡಿದರೆ ನನ್ನ ಚೌಕಗಳಲ್ಲಿ ಒಂದು ನಾಯಿ ಮಲಗಿತ್ತು. ಅದು ಬಿಟ್ಟರೆ ಯಾರೂ ಇಲ್ಲ. ಮೈದಾನದ ನಡುವೆ ಒಂದು ಹಳೆಯ ಗೋದಾಮಿನ ಉದ್ದ ಗೋಡೆ ನಿಂತಿತ್ತು. ಸಂತೆಗೆ ಬಂದ ಅಷ್ಟೂ ಜನ ಆ ಗೋಡೆಯ ಪಶ್ಚಿಮದ ಬದಿಗೆ, ಅದರ ನೆರಳಿನಲ್ಲಿ, ಬುಟ್ಟಿಗೆ ಬುಟ್ಟಿ ತಾಗಿಸಿಕೊಂಡು ಕೂತಿದ್ದರು. ನಾನು ನೆಲ ಹಂಚಿದ್ದೆ. ಅವರಿಗೆ ಬೇಕಾಗಿದ್ದದ್ದು ನೆರಳು.

ಕೆಂಪು ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡು ಹೊರಗಿನ ಸಾಲಿನಲ್ಲಿ, ಅರ್ಧ ಮೈ ಬಿಸಿಲಿನಲ್ಲಿ ಕೂತಿದ್ದ ಒಬ್ಬ ಹೆಂಗಸು ನನ್ನನ್ನು ಕರೆದಳು. ಹೊಸದಾಗಿ ಮದುವೆಯಾಗಿ ಆ ಊರಿಗೆ ಬಂದಿದ್ದ ಮೆಹಬೂಬ್‌ಬಿ.

"ಅಜೀ ಸಾಬ್, ಹೊಲ ಹದ್ದುಬಸ್ತು ಮಾಡಾಗ ಬಾಜೂ ಹೊಲದವರಿಗಿ ನೋಟೀಸ್ ಕೊಡ್ತೀರಿಲ್ಲ?"

ಜಮೀನಿನ ಗಡಿ ಅಳೆದು ಕಲ್ಲು ನೆಡುವುದಕ್ಕೆ ನಮ್ಮಲ್ಲಿ ಹದ್ದುಬಸ್ತು ಎನ್ನುತ್ತಾರೆ. ಅಕ್ಕಪಕ್ಕದವರಿಗೆ ಮೊದಲೇ ತಿಳಿಸದೆ ಅದನ್ನು ಮಾಡುವಂತಿಲ್ಲ. "ಕೊಡ್ತೀವಮ್ಮ" ಎಂದೆ.

"ಮತ್ತ ಸೂರ್ಯನಿಗಿ ಕೊಟ್ಟೀರೇನ್ರೀ? ನಮ್ಮ ಬಾಜೂದಾಂವ ಅವನೇ. ದಿನಾ ಒತ್ತುವರಿ ಮಾಡ್ತಾನ!"

ಸಂತೆಗೆ ಸಂತೆಯೇ ನಕ್ಕಿತು. ನಾನೂ ನಕ್ಕೆ, ಸರ್ಕಾರಿ ನೌಕರ ಅಳುವಂತಿಲ್ಲವಲ್ಲ. ಮಧ್ಯಾಹ್ನದವರೆಗೆ ಅಲ್ಲೇ ನಿಂತೆ. ಸೂರ್ಯ ಗೋಡೆ ದಾಟುತ್ತಿದ್ದಂತೆ ಯಾರೋ ಒಬ್ಬರು "ಹೊತ್ತು ಹೊರಳ್ತು" ಎಂದರು. ಎಲ್ಲರೂ ಎದ್ದು, ಬುಟ್ಟಿ ಹೊತ್ತುಕೊಂಡು, ಗೋಡೆ ಬಳಸಿ ಪೂರ್ವದ ಬದಿಗೆ ಬಂದರು. ಬಂದು ಹೇಗೆ ಕೂತರು ಎನ್ನುವುದೇ ವಿಶೇಷ. ಬೆಳಿಗ್ಗೆ ಅಂಚಿನಲ್ಲಿ ಬಿಸಿಲು ತಿಂದವರು ಈಗ ಗೋಡೆಗೆ ಹತ್ತಿ ಕೂತರು. ಬೆಳಿಗ್ಗೆ ಗೋಡೆಗೆ ಹತ್ತಿ ಕೂತಿದ್ದವರು ಅಂಚಿಗೆ ಬಂದರು. ಜಗಳವಿಲ್ಲ, ಚೀಟಿಯಿಲ್ಲ.

"ಈ ಕಾಯಿದೆ ಯಾರು ಮಾಡಿದ್ದು?" ಎಂದು ಮೆಹಬೂಬ್‌ಬಿಯನ್ನು ಕೇಳಿದೆ.

"ಯಾರ್ ಮಾಡ್ತಾರ್ರೀ? ಬಿಸಿಲು ಮಾಡ್ಯಾದ" ಎಂದು ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿದಳು.

ಇದನ್ನೆಲ್ಲ ವರದಿ ಬರೆದು ಕಳಿಸಿದೆ. ಮೇಲಿನವರು ಅದರ ಅಂಚಿನಲ್ಲಿ ಷರಾ ಬರೆದು ವಾಪಸು ಕಳಿಸಿದರು: "ಅಸಮಾನತೆಗೆ ಗೋಡೆಯೇ ಕಾರಣವಾಗಿದ್ದಲ್ಲಿ ಗೋಡೆ ಕೆಡವುವ ಬಗ್ಗೆ ಪರಿಶೀಲಿಸಿ." ಪುಣ್ಯಕ್ಕೆ ಕೆಡವಲು ಅನುದಾನವಿರಲಿಲ್ಲ.

ಮುಂದಿನ ಬಡ್ತಿ, ವರ್ಗಾವಣೆಗಳನ್ನೆಲ್ಲ ಬಿಟ್ಟುಬಿಡುತ್ತೇನೆ. ನನ್ನ ಹೆಂಡತಿಗೇ ಅವು ನೆನಪಿಲ್ಲ. ಸರಪಳಿ ಹೋಗಿ ಮೂರು ಕಾಲಿನ ಮಷೀನು ಬಂತು, ಆಮೇಲೆ ಒಂಟಿ ಕೋಲಿನ ಮಷೀನು ಬಂತು, ಕೊನೆಗೆ ಡ್ರೋನ್ ಬಂತು. ಪ್ರತಿ ಸಲವೂ ಇನ್ನು ತಪ್ಪಾಗುವುದೇ ಸಾಧ್ಯವಿಲ್ಲ ಎಂದು ತರಬೇತಿಯಲ್ಲಿ ಹೇಳಿದರು. ಪ್ರತಿ ಸಲವೂ ನನ್ನ ಬಿ.ಪಿ. ಏರಿತು. ಹೀಗೆ ಸುತ್ತಿ ಬಂದು ಕಲಬುರಗಿ ನಗರದ ಕಚೇರಿಗೆ ಬಿದ್ದೆ. ಶರಣಪ್ಪನೂ ಅಷ್ಟು ಹೊತ್ತಿಗೆ ಅಲ್ಲಿಗೇ ಬಂದಿದ್ದ.

ಮೆಹಬೂಬ್‌ಬಿಯೂ ನಗರಕ್ಕೆ ಬಂದಿದ್ದಳು, ಆದರೆ ದಿನಗೂಲಿಯ ಹಾಗೆ. ಬೆಳಿಗ್ಗೆ ಮೊದಲ ಬಸ್ಸಿಗೆ ಕಮಲಾಪುರದಿಂದ ಹಣ್ಣು ಹಾಕಿಕೊಂಡು ಬರುವುದು, ರೋಜಾ ಬಡಾವಣೆಯಲ್ಲಿ ದರ್ಗಾದ ಕಡೆ ಹೋಗುವ ರಸ್ತೆಯ ಪಶ್ಚಿಮದ ಫುಟ್‌ಪಾತಿನಲ್ಲಿ ಕೂಡುವುದು, ಸಂಜೆಯ ಬಸ್ಸಿಗೆ ಹೋಗುವುದು. ಗಂಡ ಹಾಸಿಗೆ ಹಿಡಿದ ಮೇಲೆ ಮನೆ ನಡೆಯುತ್ತಿದ್ದದ್ದು ಆ ಚೂರು ಫುಟ್‌ಪಾತಿನಿಂದ. ಎದುರಿಗೆ, ರಸ್ತೆಯ ಪೂರ್ವಕ್ಕೆ, ಒಂದು ಎತ್ತರದ ಲಾಡ್ಜು. ಬೆಳಗಿನ ಹೊತ್ತು ಅದರ ನೆರಳು ರಸ್ತೆ ದಾಟಿ ಇವಳ ಬುಟ್ಟಿಯ ಮೇಲೆ ಬೀಳುತ್ತಿತ್ತು. ಬೆನ್ನ ಹಿಂದೆ ಬರೀ ಬಯಲಾದ್ದರಿಂದ ಮಧ್ಯಾಹ್ನದಿಂದ ಸಂಜೆಯವರೆಗೆ ಮಾತ್ರ ನೆಲ ರೊಟ್ಟಿ ಹಂಚಿನ ಹಾಗೆ ಕಾಯುತ್ತಿತ್ತು. ಬಿಸಿಲು ಬಿದ್ದರೆ ಕೆಂಪು ಬಾಳೆ ಕರ್ರಗಾಗುತ್ತದೆ. ಅವಳ ಹತ್ತಿರ ಇದ್ದದ್ದು ಒಂದೇ ಕೊಡೆ. ಅದು ಹಣ್ಣಿಗೆ. ಅವಳಿಗೆ ಸೆರಗು.

ಆ ವರ್ಷಗಳಲ್ಲಿ ಬಿಸಿಲು ಮೊದಲಿಗಿಂತ ಬೇಗ ಬಂದು ತಡವಾಗಿ ಹೋಗತೊಡಗಿತ್ತು. ಹವಾಮಾನ ಬದಲಾಗುತ್ತಿದೆ, ನಗರ ಹೊಂದಿಕೊಳ್ಳಬೇಕು ಎಂದು ಮೇಲಿನಿಂದ ಒಂದು ಯೋಜನೆ ಬಂತು. ಉದ್ದೇಶ ಒಳ್ಳೆಯದೇ. ನೆರಳಿಲ್ಲದ ಫುಟ್‌ಪಾತುಗಳಲ್ಲಿ ಚಪ್ಪರ ಹಾಕುವುದು, ಬೀದಿಬದಿ ವ್ಯಾಪಾರಿಗಳಿಗೆ ಅದರಡಿ ಜಾಗ ಕೊಡುವುದು. ಚಪ್ಪರ ಇಲ್ಲದ ಫುಟ್‌ಪಾತುಗಳನ್ನು ನಡೆಯುವವರಿಗೆ ಖಾಲಿ ಮಾಡಿಸುವುದು. ಎಲ್ಲಿ ನೆರಳಿದೆ, ಎಲ್ಲಿ ಇಲ್ಲ ಎಂದು ಅಳೆದು ನಕ್ಷೆ ಮಾಡುವ ಕೆಲಸ ನಮಗೆ ಬಂತು. ನಾನು ಶರಣಪ್ಪನಿಗೆ, "ಇದೊಂದು ಬಾಕಿ ಇತ್ತು ನೋಡು, ಈಗ ನೆರಳಿನ ಹದ್ದುಬಸ್ತು" ಎಂದೆ.

"ಕಲ್ಲು ಎಲ್ಲಿ ನೆಡೂದ್ರೀ?" ಎಂದ ಅವನು.

ಅವನು ಚೇಷ್ಟೆಗೆ ಕೇಳಿದ. ಆದರೆ ಪ್ರಶ್ನೆ ಅದೇ ಆಗಿತ್ತು, ನಮಗೆ ಹೊಳೆಯಲಿಲ್ಲ. ಹೊಸಬರು ಗಮನಿಸಿ. ನಮ್ಮ ಕಡೆ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಬಿಸಿಲು ತಾಳಲಾಗುವುದಿಲ್ಲ ಎಂಬುದೇ ಕಾರಣ. ನಾವು ಎಂಟಕ್ಕೆ ಹಾಜರಿಯ ಹೆಬ್ಬೆಟ್ಟು ಒತ್ತಿ ಹೊರಟು, ತಂಪಿರುವಾಗಲೇ ಅಳೆದು, ಹೊತ್ತೇರುವ ಮುಂಚೆ ವಾಪಸು ಬರುತ್ತಿದ್ದೆವು. ಡ್ರೋನ್ ಹಾರಿಸುವವರೂ ಅಷ್ಟೇ. ಹೀಗೆ ಇಡೀ ನಗರದ ನೆರಳನ್ನು ಬೆಳಗಿನ ಹೊತ್ತಿನಲ್ಲಿ ಅಳೆದು ಮುಗಿಸಿದೆವು. ನಮ್ಮ ಕಚೇರಿಯ ಯಾರೂ ಹತ್ತಾರು ವರ್ಷಗಳಿಂದ ಮೇ ತಿಂಗಳ ಮಧ್ಯಾಹ್ನವನ್ನು ಕೆಲಸದ ಮೇಲೆ ನೋಡಿರಲೇ ಇಲ್ಲ.

ನಕ್ಷೆ ಬಂತು. ರೋಜಾದ ಆ ಫುಟ್‌ಪಾತು: ಪೂರ್ಣ ನೆರಳು, ಚಪ್ಪರ ಬೇಕಿಲ್ಲ. ಐವಾನ್-ಎ-ಶಾಹಿ ಬಡಾವಣೆಯಲ್ಲಿ ಒಂದು ದೊಡ್ಡ ಕಾಂಪೌಂಡಿನ ಪಕ್ಕದ ಫುಟ್‌ಪಾತು: ನೆರಳೇ ಇಲ್ಲ, ತುರ್ತಾಗಿ ಚಪ್ಪರ ಬೇಕು. ಆ ಕಾಂಪೌಂಡಿನೊಳಗೆ ಆನೆಯಂಥ ಹುಣಸೆಮರಗಳಿದ್ದವು. ಮಧ್ಯಾಹ್ನವೆಲ್ಲ ಅವುಗಳ ನೆರಳು ಫುಟ್‌ಪಾತಿನ ಮೇಲೇ ಇರುತ್ತಿತ್ತು. ಬೆಳಿಗ್ಗೆ ಮಾತ್ರ ಗೋಡೆಯ ಒಳಗೆ ಬೀಳುತ್ತಿತ್ತು. ನಾವು ಹೋಗಿದ್ದು ಬೆಳಿಗ್ಗೆ. ಆ ರಸ್ತೆಯಲ್ಲಿ ಓಡಾಡುವವರೆಂದರೆ ಮುಂಜಾನೆ ವಾಕಿಂಗಿಗೆ ಬರುವವರು, ಅವರ ನಾಯಿಗಳು. ನೋಡುನೋಡುತ್ತಿದ್ದಂತೆ ಅಲ್ಲಿ, ಹುಣಸೆಮರದ ನೆರಳಿನಲ್ಲಿ, ನೆರಳಿನ ಚಪ್ಪರ ಎದ್ದಿತು.

ಮೆಹಬೂಬ್‌ಬಿ ಕಚೇರಿಗೆ ಬಂದಳು. ಕೈಯಲ್ಲಿ ನೋಟೀಸು. ಫುಟ್‌ಪಾತು ಖಾಲಿ ಮಾಡಿ, ನಿಮಗೆ ಐವಾನ್-ಎ-ಶಾಹಿಯ ಚಪ್ಪರದಲ್ಲಿ ಜಾಗ ಕೊಡಲಾಗುವುದು ಎಂದಿತ್ತು.

"ಸಾಬ್, ಅಲ್ಲಿ ನನ್ನ ಹಣ್ಣು ಯಾರು ತಗೋತಾರ? ನಾಯಿ ಬಾಳೆಹಣ್ಣು ತಿಂತಾವೇನ್ರೀ?"

"ಆಕ್ಷೇಪಣೆ ಬರೆದು ಕೊಡಮ್ಮ."

"ಬರಕೊಡ್ತೀನಿ. ನೀವು ಒಂದ್ ಸಲ ಮಧ್ಯಾಹ್ನ ಬಂದು ನೋಡ್ರಿ. ಅಷ್ಟೇ ಸಾಕು."

ಈ ಮಾತು ತೆಗೆದುಕೊಂಡು ನಮ್ಮ ಸಾಹೇಬರ ಕೋಣೆಗೆ ಹೋದೆ. ಮೈಸೂರು ಕಡೆಯಿಂದ ವರ್ಗವಾಗಿ ಬಂದವರು, ಸ್ವಭಾವದಲ್ಲಿ ಒಳ್ಳೆಯ ಮನುಷ್ಯ. ಕಲಬುರಗಿಗೆ ಬಂದ ಮೇಲೆ ಕಿಟಕಿಯ ಪರದೆ ಸರಿಸಿರಲಿಲ್ಲ.

"ಮಧ್ಯಾಹ್ನ ಮರುಸರ್ವೇನಾ? ಆಗಲ್ಲ ಕಣ್ರೀ. ಈ ಸುತ್ತೋಲೆ ಓದಿಲ್ವಾ? ಬಿಸಿಲು ಜಾಸ್ತಿ ಇರೋದ್ರಿಂದ ಮಧ್ಯಾಹ್ನ ಸಿಬ್ಬಂದಿ ಹೊರಗಡೆ ಕೆಲಸ ಮಾಡೋ ಹಾಗಿಲ್ಲ."

"ಸರ್, ಬಿಸಿಲು ಜಾಸ್ತಿ ಇದೆಯಾ ಎಂದು ನೋಡುವುದಕ್ಕೇ ಹೋಗಬೇಕಾಗಿತ್ತು."

"ಜಾಸ್ತಿ ಇದೆ ಅಂತ ಸುತ್ತೋಲೇಲೇ ಇದೆಯಲ್ಲ."

"ಹಾಗಾದರೆ ಅದನ್ನೇ ನಕ್ಷೆಯಲ್ಲಿ ಬರೆಯೋಣವೇ?"

"ಸ್ಥಳ ನೋಡದೆ ಹೇಗ್ರೀ ಬರೆಯೋದು?" ಎಂದು ಅವರು ನಿಜವಾಗಿಯೂ ಬೇಸರಪಟ್ಟುಕೊಂಡರು. ಕೊನೆಗೆ, ಆಕ್ಷೇಪಣೆ ಬಂದಿರುವುದರಿಂದ ಕಾನೂನಿನ ಪ್ರಕಾರ ಸ್ಥಳದಲ್ಲೇ ಪಂಚನಾಮೆ ಮಾಡೋಣ, ಆದರೆ ಬೆಳಿಗ್ಗೆ ಕಚೇರಿ ವೇಳೆಯಲ್ಲಿ ಎಂದರು. ಅಂದರೆ ಲಾಡ್ಜಿನ ನೆರಳು ಇದ್ದಾಗ.

ಹೊರಗೆ ಮೆಹಬೂಬ್‌ಬಿ ಕಾಯುತ್ತಿದ್ದಳು. ಬೆಳಿಗ್ಗೆಯೇ ಅಂತೆ ಎಂದು ಹೇಳುವಾಗ ನನಗೆ ತಲೆ ಎತ್ತಲಾಗಲಿಲ್ಲ. ಅವಳು ನೋಟೀಸನ್ನು ಸಣ್ಣಗೆ ಮಡಚಿ ಸೆರಗಿಗೆ ಗಂಟು ಹಾಕಿಕೊಂಡಳು.

"ಪಂಚನಾಮೆ ಎಷ್ಟೊತ್ತು ನಡೀತದ್ರೀ?"

"ಆಕ್ಷೇಪಣೆ ಕೊಟ್ಟವರೆಲ್ಲರ ಹೇಳಿಕೆ ಮುಗಿಯುವ ತನಕ."

"ನಡುವ ಬಿಟ್ಟು ಎದ್ದು ಹೋಗಾಕ ಬರ್ತದೇನು?"

"ಇಲ್ಲ. ಶುರು ಮಾಡಿದ ಮೇಲೆ ಮುಗಿಸಿ, ಸಹಿ ಆಗುವವರೆಗೂ ಜಾಗ ಬಿಡುವಂತಿಲ್ಲ."

"ಹಾಂ" ಎಂದಳು ಮೆಹಬೂಬ್‌ಬಿ. ಆ ಹಾಂ ಕೇಳಿ ಮನೆಗೆ ಹೋದ ಮೇಲೂ ನನಗೆ ಊಟ ಸೇರಲಿಲ್ಲ.

ಪಂಚನಾಮೆಯ ದಿನ ಫುಟ್‌ಪಾತಿನ ಮೇಲೆ ಶರಣಪ್ಪ ಟೇಬಲ್ಲು, ಕುರ್ಚಿ ಹಾಕಿದ. ಲಾಡ್ಜಿನ ನೆರಳು ತಣ್ಣಗೆ ಹಾಸಿತ್ತು. "ಎಷ್ಟು ಚೆನ್ನಾಗಿದೆಯಲ್ರೀ ಇಲ್ಲಿ" ಎಂದರು ಸಾಹೇಬರು.

ಅಷ್ಟು ಹೊತ್ತಿಗೆ ಆ ಸಾಲಿನ ವ್ಯಾಪಾರಿಗಳೆಲ್ಲ ಆಕ್ಷೇಪಣೆ ಕೊಟ್ಟಿದ್ದರು. ಮೊದಲು ಅತ್ತರ್ ಮಾರುವ ಚಾಂದಪಾಶಾ ಎದ್ದು ನಿಂತ. ಅವನ ಹೇಳಿಕೆ ಅವನ ಅಜ್ಜನ ಮದುವೆಯಿಂದ ಶುರುವಾಯಿತು. ಅಜ್ಜ ಹೈದರಾಬಾದಿನಿಂದ ಅತ್ತರ್ ತರುತ್ತಿದ್ದದ್ದು, ಯಾವ ಅತ್ತರಿಗೆ ಎಂಥ ಗಿರಾಕಿ, ಬಿಸಿಲಿಗೆ ಯಾವುದು ಮೊದಲು ಹಾರಿಹೋಗುತ್ತದೆ, ಎಲ್ಲ ಬಂತು. "ಸ್ವಲ್ಪ ವಿಷಯಕ್ಕೆ ಬನ್ನಿ" ಎಂದರು ಸಾಹೇಬರು. "ಅದಕ್ಕೇ ಬರ್‍ತಾ ಇದೀನಿ ಹುಜೂರ್, ದಾರಿ ಉದ್ದ ಅದ" ಎಂದ ಚಾಂದಪಾಶಾ. ಅವನ ನಂತರ ಬಳೆ ಮಾರುವ ಗುರಮ್ಮ. ತಾನು ಹೆತ್ತ ಮಕ್ಕಳನ್ನು ಒಂದೊಂದಾಗಿ, ಹೆರಿಗೆ ಸಮೇತ ವಿವರಿಸಿದಳು. ಯಾರನ್ನೂ ತಡೆಯುವಂತಿಲ್ಲ. ಒಂದು ಮಾತು ಬಿಟ್ಟರೂ ನಾಳೆ ಪಂಚನಾಮೆ ಅಪೀಲಿನಲ್ಲಿ ಬಿದ್ದುಹೋಗುತ್ತದೆ ಎಂಬ ಹೆದರಿಕೆಗೆ ನಾನು ಹೆರಿಗೆಗಳನ್ನೂ ಬಿಡದೆ ಬರೆದುಕೊಂಡೆ. ಚಿಂತೆಯ ಸ್ವಭಾವ ಸರ್ಕಾರಕ್ಕೆ ಉಪಯೋಗಕ್ಕೆ ಬಂದದ್ದು ಅದೊಂದೇ ದಿನ.

ಅಷ್ಟರಲ್ಲಿ ನೆರಳು ಹಿಂದಕ್ಕೆ ಹೊರಟಿತ್ತು. ಸಾಹೇಬರ ಮೊಣಕಾಲ ಮೇಲೆ ಬಿಸಿಲು ಬಂತು. "ಶರಣಪ್ಪ, ಟೇಬಲ್ಲು ಸ್ವಲ್ಪ ಸರಿಸಪ್ಪಾ" ಎಂದರು. ಸರಿಸಿದ. ಗುರಮ್ಮನ ಎರಡನೆಯ ಮಗಳ ಹೊತ್ತಿಗೆ ಫುಟ್‌ಪಾತು ಮುಗಿದು ರಸ್ತೆಗೆ ಇಳಿದಿದ್ದೆವು. ನೆರಳು ಲಾಡ್ಜಿನ ಕಡೆಗೆ ಸರಿದಂತೆಲ್ಲ ಟೇಬಲ್ಲು, ಕುರ್ಚಿ, ಕಾಗದ, ನಾವು, ಎಲ್ಲ ಅದರ ಬೆನ್ನು ಹತ್ತಿ ಲಾಡ್ಜಿನ ಕಡೆಗೆ ಸರಿದೆವು. ಎಡಕ್ಕೊಂದು ಬಲಕ್ಕೊಂದು ಆಟೋ ಹಾಯುತ್ತಿದ್ದವು. ಒಬ್ಬ ಆಟೋದವನು ನಿಲ್ಲಿಸಿ, "ಏ ಕಾಕಾ, ಆಫೀಸೇ ರೋಡಿಗಿ ಬಂದದೇನ್ರೀ? ಛಲೋ ಆಯ್ತ ಬಿಡ್ರಿ, ನನ್ನದೊಂದು ಅರ್ಜಿ ಅದ" ಎಂದ. ಸಾಹೇಬರು ಅವನ ಅರ್ಜಿಯನ್ನು ನಿಜವಾಗಿಯೂ ತೆಗೆದುಕೊಂಡರು, ಅಷ್ಟು ಗಲಿಬಿಲಿಯಾಗಿತ್ತು.

ಸೂರ್ಯ ನೆತ್ತಿಗೆ ಬರುವಾಗ ನಾವೆಲ್ಲ ಲಾಡ್ಜಿನ ಗೋಡೆಗೆ ಬೆನ್ನು ಹಚ್ಚಿ, ಫೋಟೋಗೆ ನಿಂತವರ ಹಾಗೆ ಸಾಲಾಗಿ ನಿಂತಿದ್ದೆವು. ಆಮೇಲೆ ಆ ಅಂಗೈಯಗಲ ನೆರಳೂ ಹೋಯಿತು. ಒಳಗೆ ಕೂಡಬಹುದೇ ಎಂದು ಕೇಳಿದರೆ ಲಾಡ್ಜಿನ ಮ್ಯಾನೇಜರ್, "ಕೂಡ್ರಿ, ಆದ್ರ ರೂಮ್ ಹಿಡೀಬೇಕಾಗ್ತದ" ಎಂದ. ಪಂಚನಾಮೆಯನ್ನು ರೂಮಿನಲ್ಲಿ ಮಾಡಲು ಬರುವುದಿಲ್ಲ ಎಂದು ನಾನು ನೆನಪಿಸಿದೆ. ಸಾಹೇಬರು ನನ್ನತ್ತ ನೋಡಿದ ನೋಟ ಇವತ್ತಿಗೂ ನನ್ನ ಬಿ.ಪಿ.ಯಲ್ಲಿದೆ. "ಇನ್ನೂ ಎಷ್ಟು ಜನ ಇದ್ದಾರ್ರೀ?"

"ಒಬ್ಬರೇ ಸರ್. ಮೆಹಬೂಬ್‌ಬಿ. ಮೂಲ ಅರ್ಜಿ ಅವರದು, ಹೇಳಿಕೆ ಅವರ ಜಾಗದಲ್ಲೇ ಆಗಬೇಕು."

ರಸ್ತೆ ದಾಟಿ ಮತ್ತೆ ಪಶ್ಚಿಮದ ಫುಟ್‌ಪಾತಿಗೆ ಬಂದೆವು. ಕಬ್ಬಿಣದ ಕುರ್ಚಿಯ ಮೇಲೆ ಕೂತ ಸಾಹೇಬರು ಕೂತಷ್ಟೇ ವೇಗವಾಗಿ ಎದ್ದರು. ಮೆಹಬೂಬ್‌ಬಿ ಗೋಣಿಚೀಲ ನೀರಿನಲ್ಲಿ ಅದ್ದಿ ಕುರ್ಚಿಯ ಮೇಲೆ ಹಾಸಿದಳು. ಶರಣಪ್ಪ ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕ. ಆಮೇಲೆ ಅವಳು ಹಣ್ಣಿನ ಮೇಲಿದ್ದ ಕೊಡೆ ಕಿತ್ತು ಸಾಹೇಬರ ತಲೆಯ ಮೇಲೆ ಹಿಡಿದಳು.

"ಲಗೂ ಬರಕೋರಿ ಸಾಬ್. ಹಣ್ಣು ಕರ್ರಗಾಗ್ತಾವ."

"ಹೇಳಿ ಅಮ್ಮ, ನಿಮ್ಮ ಹೇಳಿಕೆ ಏನು?" ಸಾಹೇಬರ ದನಿ ಒಣಗಿತ್ತು.

"ನಂದೇನಿಲ್ರೀ. ನೀವೇ ಈಗ ಇಲ್ಲಿ ಕುಂತೀರಲ್ಲ. ನಿಮ್ಮ ಹೇಳಿಕೀನೇ ಬರಸ್ರಿ."

ಸಾಹೇಬರು ಕೊಡೆಯ ಕಡೆ ನೋಡಿದರು. ಬಿಸಿಲಿಗೆ ಬಿದ್ದ ಹಣ್ಣಿನ ಕಡೆ ನೋಡಿದರು. ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು, "ಬರ್ಕೊಳ್ರೀ" ಎಂದರು. "ಇಲ್ಲಿ ನೆರಳಿಲ್ಲ."

ಮಧ್ಯಾಹ್ನದ ಹೊತ್ತು ಸಿಬ್ಬಂದಿಯನ್ನು ಬಿಸಿಲಿನಲ್ಲಿ ನಿಲ್ಲಿಸಿದ್ದಕ್ಕೆ ಅವರಿಗೆ ಮೇಲಿನಿಂದ ಮೆಮೊ ಬಂತು. ಅದನ್ನೇ ಅವರು ಫೈಲಿಗೆ ಲಗತ್ತಿಸಿ, ಆ ಜಾಗದಲ್ಲಿ ಬಿಸಿಲಿದೆ ಎಂದು ಸರ್ಕಾರವೇ ಒಪ್ಪಿದೆ ಎಂದು ಬರೆದು, ರೋಜಾಕ್ಕೆ ಚಪ್ಪರ ಮಂಜೂರು ಮಾಡಿಸಿದರು. ಮೇಲಧಿಕಾರಿಗಳನ್ನು ಬೈಯುವ ಮುಂಚೆ ನೀವು ಇದನ್ನೂ ನೆನಪಿಡಬೇಕು.

ಚಪ್ಪರ ಎದ್ದ ವರ್ಷವೇ ನಾನು ಹೊರಬಂದೆ. ಮೊನ್ನೆ ಹೊಸ ಸರ್ವೇಯರೊಬ್ಬರು ಮನೆಗೆ ಬಂದಿದ್ದರು. ರೋಜಾದ ಚಪ್ಪರದಡಿ ನೆಲದ ಮೇಲೆ ಪೇಂಟಿನಲ್ಲಿ ನಂಬರು ಬರೆದು ಜಾಗ ಹಂಚಿದ್ದಾರಂತೆ. ತಪಾಸಣೆಗೆ ಹೋದಾಗಲೆಲ್ಲ ಒಬ್ಬರೂ ತಮ್ಮ ನಂಬರಿನಲ್ಲಿ ಇರುವುದಿಲ್ಲವಂತೆ. ಶಿಸ್ತೇ ಇಲ್ಲ ಸರ್, ಏನು ಮಾಡಲಿ ಎಂದರು. ಯಾವ ಹೊತ್ತಿನಲ್ಲಿ ಹೋಗಿದ್ದಿರಿ ಎಂದು ಕೇಳಿದೆ. ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಅವರು ತಪ್ಪು ಬರೆದುಕೊಂಡು ಹೋದರೆ ಏನು ಗತಿ ಎಂದು ಚಿಂತೆ ಹತ್ತಿ, ಮರುದಿನ ನಾನೇ ಹೊರಟೆ.

ಹೋದಾಗ ಹೊತ್ತು ಏರುತ್ತಿತ್ತು. ಮೆಹಬೂಬ್‌ಬಿಗೆ ಈಗ ಕೂದಲು ಬೆಳ್ಳಗಾಗಿದೆ. ನಂಬರಿನ ಪ್ರಕಾರ ಅವಳದು ಪಶ್ಚಿಮದ ಕೊನೆ. ಕೂತದ್ದು ಇನ್ನೆಲ್ಲೋ. "ಬರ್ರಿ ಸಾಬ್, ಜ್ವರ ಇಳೀತೇನು ಸರಪಳೀದು?" ಎಂದು ನಡುವಿನಲ್ಲಿ ಒಂದು ಖಾಲಿ ಡಬ್ಬಿ ಬೋರಲು ಹಾಕಿ ಕೂರಿಸಿ, ಹಣ್ಣು ಕೊಟ್ಟಳು. ತಣ್ಣಗಿತ್ತು. ಚಾಂದಪಾಶಾ ಅಜ್ಜನ ಮದುವೆಯ ಉಳಿದ ಭಾಗ ಹೇಳತೊಡಗಿದ. ನಾನು ಕೇಳುತ್ತ ಕೂತುಬಿಟ್ಟೆ.

ಮಧ್ಯಾಹ್ನ ತಿರುಗುತ್ತಿದ್ದಂತೆ ಬಿಸಿಲು ಚಪ್ಪರದ ಕೆಳಗಿನಿಂದ ಓರೆಯಾಗಿ ನುಗ್ಗಿ ಪಶ್ಚಿಮದ ಸಾಲನ್ನು ಹಿಡಿಯಿತು. ಚಪ್ಪರ ಮಾಡಿದವರೂ ಬೆಳಿಗ್ಗೆಯೇ ಬಂದಿರಬೇಕು. "ಹೊತ್ತು ಹೊರಳ್ತು" ಎಂದಳು ಮೆಹಬೂಬ್‌ಬಿ. ಎಲ್ಲರೂ ಎದ್ದರು. ಬುಟ್ಟಿಗಳು ಎದ್ದವು, ಬಳೆಯ ಸ್ಟ್ಯಾಂಡು ಎದ್ದಿತು. ಬೆಳಿಗ್ಗೆ ಅಂಚಿನಲ್ಲಿದ್ದವರು ನಡುವಿಗೆ ಬಂದರು, ನಡುವಿನಲ್ಲಿದ್ದವರು ಅಂಚಿಗೆ ಹೋದರು. ಕಮಲಾಪುರದ ಗೋಡೆಯನ್ನೇ ನೋಡಿದಂತಾಗಿ ನನ್ನ ಕಣ್ಣು ತೇವವಾಯಿತು. ಇದನ್ನು ಆ ಹೊಸ ಸರ್ವೇಯರಿಗೆ ಹೇಗೆ ವಿವರಿಸಲಿ ಎಂದು ಯೋಚಿಸುತ್ತ ಹಾಗೇ ಕೂತಿದ್ದೆ. ನನ್ನ ಮುಂದೆ ಗುರಮ್ಮ ಬಳೆ ಹಿಡಿದು ಕಾಯುತ್ತ ನಿಂತಿದ್ದು ಗೊತ್ತಾಗಲಿಲ್ಲ.

"ಸಾಬ್" ಎಂದಳು ಮೆಹಬೂಬ್‌ಬಿ, "ನಿಮಗೇ ಹೇಳಿದ್ದು. ಮುಂಜಾನಿಂದ ನಡುವ ಕುಂತೀರಿ. ಏಳ್ರಿ."

ಎದ್ದೆ. ಡಬ್ಬಿ ಎತ್ತಿಕೊಂಡು ಅಂಚಿಗೆ ಹೋಗಿ, ತಲೆಗೆ ಟವೆಲ್ ಸುತ್ತಿಕೊಂಡು ಕೂತೆ.